ನನ್ನ ಮಗಳು ಈಗ ಸೊಪ್ಪು ತಿನ್ನುತ್ತಾಳೆ

ಆಹಾರ ಸುರಕ್ಷತೆಯ ಮಾನ್ಯ ಅಧಿಕಾರಿಗಳೇ,

ನನ್ನ ಮಗಳು ಸೊಪ್ಪು ತಿನ್ನತೊಡಗಿದ್ದಾಳೆ, ನನಗೆ ಭಯವಾಗುತ್ತಿದೆ. ಇದೇ ನನ್ನ ದೂರು. ಹಿಂದಿಯಲ್ಲಿ ಬರೆದೆ, ಇಂಗ್ಲಿಷಿನಲ್ಲಿ ಬರೆದೆ. ನಿಮ್ಮ ಕಚೇರಿ ಎರಡೂ ಭಾಷೆಗಳಲ್ಲಿ ಸುಮ್ಮನಿತ್ತು. ಈಗ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ, ಎಲ್ಲರೆದುರು ಬರೆಯುತ್ತಿದ್ದೇನೆ. ಹೆದರಿಕೆಯಾದಾಗ ನನಗೆ ಬರುವುದು ಇದೊಂದೇ ಭಾಷೆ. ಯಾರಿಂದಾದರೂ ಓದಿಸಿಕೊಳ್ಳಿ.

ಧಾರಿಣಿಗೆ ಏಳು ವರ್ಷ. ಮೊನ್ನೆ ಮೊನ್ನೆಯವರೆಗೂ ಬಿಳಿ ಅನ್ನ, ಮೊಸರು, ನೂಡಲ್ಸ್ ಬಿಟ್ಟರೆ ಬೇರೇನೂ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸಾರಿನಲ್ಲಿ ಕೊತ್ತಂಬರಿಯ ಒಂದೆಲೆ ತೇಲಿದರೂ "ಅಮ್ಮಾ, ಗ್ರೀನ್ ವಾಲಾ ನಿಕಾಲೋ" ಎಂದು ತಟ್ಟೆ ತಳ್ಳುತ್ತಿದ್ದಳು. ಗದರಿದೆ, ಕಥೆ ಹೇಳಿದೆ, ಟಿವಿ ತೋರಿಸಿದೆ. ಬಾಯಿಗೆ ಬೀಗ ಬಿದ್ದದ್ದು ಬಿದ್ದೇ ಇತ್ತು. ಕೊನೆಗೆ ಬಲವಂತ ಬಿಟ್ಟು, ನಮ್ಮ ನೋಯ್ಡಾದ ವಸತಿ ಸೊಸೈಟಿಯ ಗೇಟಿಗೆ ಬರುವ ತರಕಾರಿ ಗಾಡಿಯ ಭಯ್ಯಾನ ಹತ್ತಿರ ಅವಳನ್ನೇ ಕರೆದೊಯ್ದೆ. ಕಟ್ಟು ಆರಿಸುವವಳು ಅವಳೇ, ಅಡುಗೆಮನೆಯ ನೆಲದಲ್ಲಿ ಕೂತು ಸೊಪ್ಪು ಬಿಡಿಸುವವಳೂ ಅವಳೇ. ತಿನ್ನು ಎಂದು ನಾನು ಹೇಳಲೇ ಇಲ್ಲ. ಒಂದು ಸಂಜೆ ತಾನಾಗಿಯೇ ಒಂದೆಲೆ ಬಾಯಿಗೆ ಹಾಕಿಕೊಂಡಳು. ಆಮೇಲೆ "ನಾನು ಮಾಡಿದ ಪಾಲಕ್ ಸಾರು" ಎಂದು ಮತ್ತೊಮ್ಮೆ ಬಡಿಸಿಕೊಂಡು ಉಂಡಳು. ನಾನು ಸಿಂಕಿನತ್ತ ತಿರುಗಿ ಅತ್ತೆ.

ಕಳೆದ ತಿಂಗಳು ಒಂದು ಭಾನುವಾರ ದೆಹಲಿಯ ಲೋಧಿ ಕಾಲೋನಿಯ ಅಕ್ಕನ ಮನೆಗೆ ಮೆಟ್ರೋದಲ್ಲಿ ಹೊರಟಿದ್ದೆವು. ರೈಲು ಯಮುನೆ ದಾಟುವಾಗ ಕಿಟಕಿಗೆ ಮೂಗು ಒತ್ತಿ ನಿಂತಿದ್ದ ಧಾರಿಣಿ ಕೂಗಿದಳು: "ಅಮ್ಮಾ, ನಮ್ಮ ಪಾಲಕ್! ಭಯ್ಯಾ ಬೋಲೇ ಥೇ ನಾ, ಪುಲ್ ಕೇ ನೀಚೇ ಸೇ ಆತಾ ಹೈ!" ಸೊಪ್ಪು ಸೇತುವೆಯ ಕೆಳಗಿಂದ ಬರುತ್ತದೆಂದು ಗಾಡಿಯ ಭಯ್ಯಾ ಅವಳಿಗೆ ಹೇಳಿದ್ದನಂತೆ. ನೋಡಿದರೆ, ಕೆಳಗೆ ಹಸಿರು ಮಡಿಗಳು. ಪಕ್ಕದಲ್ಲಿ ಕಪ್ಪು ನೀರು, ಅದರ ಮೇಲೆ ಬಿಳಿ ನೊರೆ, ಆ ನೀರಿನಿಂದ ಮಡಿಗೆ ಎಳೆದ ಒಂದು ಪೈಪು. "ಸ್ನೋ ಹೈ ಕ್ಯಾ?" ಎಂದು ಆ ನೊರೆ ತೋರಿಸಿ ಕೇಳಿದಳು. ನಾನು ಅವಳನ್ನು ಕಿಟಕಿಯಿಂದ ಈಚೆಗೆ ಎಳೆದುಕೊಂಡೆ.

ಮರುದಿನ ನಿಮ್ಮ ಕಚೇರಿಗೆ ಫೋನ್ ಮಾಡಿ, ಆ ಸೊಪ್ಪನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳಿದೆ. "ಮೇಡಂ, ಬಚ್ಚೀ ಬೀಮಾರ್ ಹುಯೀ?" ಎಂದರು ನಿಮ್ಮ ಸಿಬ್ಬಂದಿ. ಇಲ್ಲ, ಚೆನ್ನಾಗಿದ್ದಾಳೆ ಎಂದೆ. "ಅಚ್ಛಾ, ತೋ ಫಿರ್ ಕಂಪ್ಲೇಂಟ್ ಕಿಸ್ ಬಾತ್ ಕೀ?" ನ್ಯಾಯವಾದ ಪ್ರಶ್ನೆ! ಮಗು ಹಾಸಿಗೆ ಹಿಡಿಯದೆ ದೂರು ಕೊಡುವುದು ನನ್ನದೇ ಅಧಿಕಪ್ರಸಂಗ. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವ ಪದ್ಧತಿಯನ್ನು ನನ್ನೊಬ್ಬಳಿಗಾಗಿ ನೀವೇಕೆ ಬಿಡಬೇಕು? ಆದರೆ 'ಮಕ್ಕಳಿಗೆ ಹಸಿರು ತಿನ್ನಿಸಿ' ಎಂದು ಊರ ತುಂಬ ಫಲಕ ಹಾಕಿದವರು ನೀವೇ ಅಲ್ಲವೇ? ನಾನು ತಿನ್ನಿಸಿದೆ. ಇನ್ನು ನಿಮ್ಮ ಸರದಿ.

ಆ ಸೊಪ್ಪು ಶುದ್ಧವಾಗಿಯೇ ಇರಬಹುದು. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ; ಭಯ ಇರುವುದೇ ಅಲ್ಲಿ. ಉಪ್ಪುನೀರಿನಲ್ಲಿ ತೊಳೆಯುತ್ತೇನೆ, ಮತ್ತೆ ತೊಳೆಯುತ್ತೇನೆ. ಬೇರಿನಿಂದ ಒಳಗೆ ಸೇರಿದ್ದು ತೊಳೆದರೆ ಹೋದೀತೇ? ಬೇಡವೆಂದು ತಟ್ಟೆಯಿಂದ ತೆಗೆದರೆ ಅವಳು ಇನ್ನೆಂದೂ ಹಸಿರು ಮುಟ್ಟಲಾರಳು. ಸುಮ್ಮನಿದ್ದರೆ ನನ್ನ ಕೈಯಾರೆ ಏನನ್ನು ಉಣಿಸುತ್ತಿದ್ದೇನೋ! ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿದೆ. ಬಾಯಿ ತೆರೆ ಎಂದು ಇಷ್ಟು ವರ್ಷ ಬೇಡಿಕೊಂಡವಳು ನಾನು. ಈಗ ಅವಳು ಬಾಯಿ ತೆರೆದರೆ ನನ್ನ ಎದೆ ನಡುಗುತ್ತದೆ.

ನಮ್ಮ ಗೇಟಿನ ಗಾಡಿಯ ಸೊಪ್ಪನ್ನು ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಅದೇ ಗೇಟಿನಲ್ಲಿ ಅಂಟಿಸಿ. ಗಾಡಿಯ ಭಯ್ಯಾನನ್ನು ಓಡಿಸಿ ಕೈ ತೊಳೆದುಕೊಳ್ಳಬೇಡಿ. ಅವನ ಮಕ್ಕಳೂ ಅದನ್ನೇ ಉಣ್ಣುತ್ತವೆ. ಅದಕ್ಕೆ ಸಮಯ ಬೇಕೆಂದರೆ, ಬರುವ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬನ್ನಿ. ನಿಮ್ಮ ಮಕ್ಕಳನ್ನೂ ಕರೆತನ್ನಿ. ಸೊಪ್ಪನ್ನು ಧಾರಿಣಿಯೇ ಬಿಡಿಸುತ್ತಾಳೆ, "ಅಂಕಲ್, ಪೆಹಲೇ ಆಪ್" ಎಂದು ನಿಮಗೇ ಮೊದಲು ಬಡಿಸುತ್ತಾಳೆ. ನೀವು ಉಂಡರೆ ಅವಳಿಗೂ ಬಡಿಸುತ್ತೇನೆ. ತುತ್ತು ಹಿಡಿದ ನಿಮ್ಮ ಕೈ ಒಂದು ಕ್ಷಣ ತಡೆದರೆ, ನನ್ನ ಪತ್ರಕ್ಕೆ ಉತ್ತರ ಬಂದಂತೆ.

ಇಂತಿ,
ಮಗಳಿಗೆ ಸೊಪ್ಪು ತಿನ್ನಲು ಕಲಿಸಿ, ತನ್ನ ಊಟ ಮರೆತ
ಜಲಜಾ, ನೋಯ್ಡಾ