ಫೋನ್ ಬಿಡದ ಮೈದಾನ

ಬುಧವಾರ, ಬೆಳಿಗ್ಗೆ 6.15

ವಾಕಿಂಗ್ ಮುಗಿಸಿ ಬಂದೆ. ಬಿಪಿ ಮಾತ್ರೆ ನುಂಗಿದೆ. ಮೇಜಿನ ಮೇಲೆ ಆ ಎರಡು ಪಾಸು ಹಾಗೇ ಬಿದ್ದಿವೆ. ನಾಲ್ಕು ದಿನದ ಗಾಲ್ಫ್ ಟೂರ್ನಿ, ಭಾರೀ ದೊಡ್ಡದಂತೆ. ಅಳಿಯ ತಂದದ್ದು. ಐದು ಗಂಟೆ ರೈಲು, ಅಲ್ಲೇ ಲಾಡ್ಜು. ಮಗಳನ್ನು ಮದುವೆಯಾಗಿ ಒಂಬತ್ತು ವರ್ಷದಲ್ಲಿ ನನ್ನನ್ನು ಒಂದು ಸಿನಿಮಾಕ್ಕೂ ಕರೆದವನಲ್ಲ. ಏನೋ ಇದೆ.

ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಟಿಕೆಟ್ ಚೆಕ್ ಮಾಡಿದವನು ನಾನು. ನನ್ನ ಕಿವಿಗೆ ಹೂವಿಡುವುದು ಅಷ್ಟು ಸುಲಭವಲ್ಲ.

ನನ್ನ ಹೆಂಡತಿ, ಇವಳೂ ಹೋಗಿ ಬನ್ನಿ, ಹೋಗಿ ಬನ್ನಿ ಅಂತ ಬೆನ್ನು ಹತ್ತಿದ್ದಾಳೆ. ತಾನು ತಂಗಿ ಮನೆಯಲ್ಲಿರುತ್ತಾಳಂತೆ. ಹೊರಡುವ ಗಳಿಗೆಯಲ್ಲಿ ಬನಿಯನ್ ಹುಡುಕಿಸುವವಳು ಈ ಸಲ ನಿನ್ನೆಯೇ ಬ್ಯಾಗ್ ತುಂಬಿಟ್ಟಿದ್ದಾಳೆ. ಬೆರಳಲ್ಲಿ ಉಂಗುರ ಇಲ್ಲ. ಕೇಳಿದರೆ ಬಿಗಿಯಾಗಿತ್ತು ಅಂದಳು. ಎರಡು ತಿಂಗಳಿಂದ ಇಳಿದು ಹೋಗಿದ್ದಾಳೆ, ರವಿಕೆಯೆಲ್ಲ ಸಡಿಲ… ಉಂಗುರ ಮಾತ್ರ ಬಿಗಿ?

ಬಹುಶಃ ನನ್ನ ಹಳೇ ಸ್ಕೂಟರನ್ನು ಗುಜರಿಗೆ ಹಾಕುವ ಸಂಚು. ಕೀ ಜೇಬಿಗಿಟ್ಟುಕೊಂಡೆ.

ಗುರುವಾರ, ಸಂಜೆ 7. ಲಾಡ್ಜ್

ಗೇಟಿನಲ್ಲೇ ಫೋನ್ ತೆಗೆದುಕೊಂಡರು. ಮೈದಾನದೊಳಗೆ ಯಾರಿಗೂ ಫೋನ್ ಇಲ್ಲ, ನಿಯಮ. ಟೋಕನ್ ಕೊಟ್ಟರು. ಅಳಿಯನಿಗೆ ಇದು ಮೊದಲೇ ಗೊತ್ತಿತ್ತು. ಮುಖ ನೋಡಿದರೆ ತಿಳಿಯುವುದಿಲ್ಲವೇ.

ಆಟ ತಲೆಬುಡ ಅರ್ಥವಾಗಲಿಲ್ಲ. ಹಗ್ಗದ ಈಚೆ ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಒಬ್ಬ ಕೋಲು ಬೀಸುತ್ತಾನೆ. ಚೆಂಡು ಎಲ್ಲಿ ಬಿತ್ತೋ ದೇವರೇ ಬಲ್ಲ. ಎಲ್ಲರೂ ಚಪ್ಪಾಳೆ. ನಾನೂ ತಟ್ಟಿದೆ.

ಮಧ್ಯಾಹ್ನದೊಳಗೆ ಅಳಿಯ ನಾಲ್ಕು ಸಲ ಟಾಯ್ಲೆಟ್ ಅಂತ ಹೋದ. ನಾಲ್ಕನೇ ಸಲ ಹಿಂದೆಯೇ ಹೋದೆ. ಟಾಯ್ಲೆಟ್ಟೂ ಇಲ್ಲ, ಏನೂ ಇಲ್ಲ! ಟಾಯ್ಲೆಟ್ಟಿನ ಪಕ್ಕ ಪ್ರೇಕ್ಷಕರಿಗೆಂದು ಇಟ್ಟಿರುವ ಫೋನು. ಬಾಯಿಗೆ ಕೈ ಅಡ್ಡ ಹಿಡಿದು ಪಿಸುಗುಡುತ್ತಿದ್ದ. "ಅವರಿಗೆ ಇನ್ನೂ ಗೊತ್ತಾಗಿಲ್ಲ" ಅನ್ನುವುದಷ್ಟೇ ಕೇಳಿಸಿತು. ಯಾರ ಜತೆ? ಮಗಳ ಸಂಸಾರಕ್ಕೆ ಏನಾದರೂ ಕಲ್ಲು ಹಾಕುತ್ತಿದ್ದಾನೋ… ಹಾಳಾದವನು.

ಈಗಷ್ಟೇ ಇವಳ ಜತೆ ಮಾತಾಡಿದೆ. ಮಾತಿನ ಹಿಂದೆ ಲಿಫ್ಟಿನ ಗಂಟೆ ಕೇಳಿಸಿತು. ತಂಗಿಯದು ಒಂಟಿ ಮನೆ, ಮಹಡಿಯೂ ಇಲ್ಲ. ಲಿಫ್ಟ್ ಎಲ್ಲಿಂದ ಬಂತು? ಟಿವಿ ಅಂದಳು.

ಶುಕ್ರವಾರ, ಮಧ್ಯಾಹ್ನ 2.40. ವಾಪಸ್ ರೈಲು

ಅಕ್ಷರ ಸೊಟ್ಟ.

ಬೆಳಿಗ್ಗೆ ಎಲ್ಲರಿಗಿಂತ ಮುಂದಿದ್ದ ಆಟಗಾರನ ಹಿಂದೆ ನಡೆಯುತ್ತಿದ್ದೆವು. ಅವನ ಚೆಂಡು ಉದ್ದ ಹುಲ್ಲಿನಲ್ಲಿ ಸಿಕ್ಕಿತ್ತು. ಹೊಡೆಯಲು ನಿಂತವನು ಹಿಂದೆ ಸರಿದು ಕೈ ಎತ್ತಿ ರೆಫರಿಯನ್ನು ಕರೆದ. ತನ್ನ ಕೋಲು ತಾಗಿ ಚೆಂಡು ಒಂದಿಷ್ಟು ಅಲುಗಿತಂತೆ. ಯಾರೂ ನೋಡಿರಲಿಲ್ಲ. ನಾನು ಹತ್ತು ಅಡಿ ದೂರದಲ್ಲಿದ್ದೆ, ನನಗೂ ಕಂಡಿರಲಿಲ್ಲ. ತಾನೇ ಹೇಳಿ ತಾನೇ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಮೊದಲ ಸ್ಥಾನ ಹೋಯಿತು.

ಮೂವತ್ತನಾಲ್ಕು ವರ್ಷದಲ್ಲಿ ಟಿಕೆಟ್ ತಗೊಂಡಿಲ್ಲ ಸಾರ್ ಅಂತ ತಾನಾಗಿ ಬಂದು ಹೇಳಿದ ಒಬ್ಬನನ್ನೂ ನಾನು ಕಂಡಿಲ್ಲ.

ಪಕ್ಕದಲ್ಲಿ ಅಳಿಯ ಬೆವರುತ್ತಿದ್ದ.

"ಮಾವ, ಅತ್ತೆಗೆ ಇವತ್ತು ಆಪರೇಷನ್. ಹೊಟ್ಟೇಲಿ ಗಡ್ಡೆ. ಹತ್ತು ಗಂಟೆಗೆ ಒಳಗೆ ಕರ್ಕೊಂಡು ಹೋದ್ರು. ನಿಮಗೆ ಹೇಳಬಾರದು ಅಂತ ಅವರೇ ಆಣೆ ಹಾಕಿಸ್ಕೊಂಡಿದ್ರು."

ಕಪಾಳಕ್ಕೆ ಬಾರಿಸಲು ಕೈ ಎತ್ತಿದೆ. ಹಿಂದಿನವನು ಶ್ ಅಂದ. ಯಾರೋ ಹೊಡೆಯಲು ನಿಂತಿದ್ದರು.

ಹೋದ ಸಲ ಪಿತ್ತಕೋಶದ ಆಪರೇಷನ್ನಿನಲ್ಲಿ ಅರಿವಳಿಕೆ ಡಾಕ್ಟರ ಸರ್ಟಿಫಿಕೇಟ್ ಕೇಳಿದವನು ನಾನು. ಔಷಧಿ ಬಾಟಲಿ ಒಂದೊಂದರ ತಾರೀಖೂ ಓದಿಸಿದ್ದೆ. ಇವಳು ಅಳುತ್ತ ಒಳಗೆ ಹೋಗಿದ್ದಳು. ಈ ಸಲ ನೆಮ್ಮದಿಯಾಗಿ ಮಲಗಬೇಕು, ಅವರನ್ನ ಎಲ್ಲಾದರೂ ಕರ್ಕೊಂಡು ಹೋಗಿ ಅಂತ ಅಳಿಯನಿಗೆ ಹೇಳಿದಳಂತೆ. ನನ್ನ ಫೋನ್ ಕೂಡ ಕಿತ್ತುಕೊಳ್ಳುವ ಜಾಗ ಹುಡುಕಿದ್ದಾರೆ. ಥೂ ನನ್ನ ಜನ್ಮಕ್ಕೆ.

ಶನಿವಾರ, ಬೆಳಿಗ್ಗೆ 10. ಆಸ್ಪತ್ರೆ

ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು.

"ಯಾರು ಗೆದ್ರು?"

ಇನ್ನೂ ಎರಡು ದಿನದ ಆಟ ಇದೆ ಅಂದೆ.

"ಮತ್ತೆ ಯಾಕೆ ಬಂದ್ರಿ… ಬಂದಿದ್ದು ಬಂದ್ರಿ, ಯಾರನ್ನೂ ಏನೂ ಕೇಳಬೇಡಿ. ನನಗೋಸ್ಕರ."

ಆಯಿತು ಅಂದೆ. ನರ್ಸ್ ಡ್ರಿಪ್ ಬದಲಿಸಿದಳು. ಬಾಟಲಿಯ ತಾರೀಖು ಗೋಡೆ ಕಡೆಗಿತ್ತು. ಕೈ ಹಿಂದೆ ಕಟ್ಟಿಕೊಂಡು ನಿಂತೆ. ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದ್ದಾರೆ. ರಿಪೋರ್ಟ್ ಮುಂದಿನ ವಾರ.

ಮುಂದಿನ ಶುಕ್ರವಾರ, ಬೆಳಿಗ್ಗೆ 11.20. ಡಾಕ್ಟರ ಕೋಣೆಯ ಹೊರಗೆ

ಆ ಆಟಗಾರ ಒಂದೇ ಹೊಡೆತದಿಂದ ಸೋತನಂತೆ. ಪೇಪರಿನ ತುಂಡು ಇದೇ ಹಾಳೆಗೆ ಅಂಟಿಸಿದ್ದೇನೆ.

ಮಗಳೊಬ್ಬಳೇ ಒಳಗೆ ಹೋಗಿದ್ದಳು. ಬಂದು, ಏನಿಲ್ಲಪ್ಪ, ಮಾಮೂಲು ಗಡ್ಡೆಯಂತೆ ಅಂದಳು. ರೆಪ್ಪೆ ಒದ್ದೆ. ಮುಖ ತೊಳೆದೆ ಅಂದಳು. ನಲ್ಲಿ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಅವಳು ಅತ್ತ ಹೋಗೇ ಇಲ್ಲ.

ಕೇಳಲಿಲ್ಲ. ಕೇಳುವುದಿಲ್ಲ ಎಂದು ಇವಳಿಗೆ ಮಾತು ಕೊಟ್ಟಿದ್ದೇನೆ.

ಅಮ್ಮನಿಗೆ ನೀವೇ ಹೇಳಿ, ನನ್ನ ಕೈಲಾಗಲ್ಲ ಅಂತ ಮಗಳು ಗೋಡೆಗೆ ತಿರುಗಿ ನಿಂತಿದ್ದಾಳೆ. ಇವಳು ದೂರದ ಬೆಂಚಿನಲ್ಲಿ, ಅಳಿಯನ ಪಕ್ಕ. ನನ್ನನ್ನೇ ನೋಡುತ್ತಿದ್ದಾಳೆ.

ಟಿಕೆಟ್ ಇಲ್ಲದವರಲ್ಲಿ ಕಣ್ಣು ತಪ್ಪಿಸಿದವರೇ ನನಗೆ ಸಿಕ್ಕಿಬೀಳುತ್ತಿದ್ದದ್ದು. ನೆಟ್ಟಗೆ ನೋಡಿ ನಕ್ಕವರನ್ನು ಎಷ್ಟೋ ಸಲ ಬಿಟ್ಟಿರಬೇಕು.

ಕೈ ಮಾಡಿ ಕರೆಯುತ್ತಿದ್ದಾಳೆ. ನೆಟ್ಟಗೆ ನೋಡಬೇಕು. ನಗಬೇಕು. ಆಮೇಲೆ —