ಗಂಡು ಮರದ ಬುಡಕ್ಕೆ ಮೀನಿನ ನೀರು

ಮಾವನವರಿಗೆ,

ಕಾಲಿಗೆ ಬಿದ್ದೆ ಎಂದು ಶುರು ಮಾಡಬೇಕು, ಆದರೆ ಮೂಗು ಮುಚ್ಚಿಕೊಂಡು ಬರೆಯುತ್ತಿದ್ದೇನೆ. ಈಗಷ್ಟೇ ನಿಮ್ಮ ಆ ನೀಲಿ ಬಕೆಟ್ ಮುಟ್ಟಿ ಬಂದೆ. ಎಷ್ಟು ಸೋಪು ಹಾಕಿದರೂ ಕೈಯ ನಾತ ಹೋಗಿಲ್ಲ. ಥೂ.

ಸಿದ್ದಾಪುರದ ನೆಂಟರ ಮನೆಯಲ್ಲಿ ರಂಬುಟಾನ್ ತಿಂದು, ಬೀಜವನ್ನು ಜೇಬಿಗೆ ಹಾಕಿಕೊಂಡು ಬಂದ ದಿನ ನೆನಪಿದೆಯೇ? ನನಗೆಂದು ತಂದ ಹಣ್ಣಿನ ಕೂದಲು ಕೂದಲಾದ ಸಿಪ್ಪೆ ನೋಡಿಯೇ ನನಗೆ ಮೈ ಮುಳ್ಳೆದ್ದಿತ್ತು. ಬೀಜವನ್ನು ಅಡುಗೆಮನೆಯ ಹಿಂದೆಯೇ ನೆಟ್ಟಿರಿ. ಬೇರೆ ಜಾಗ ಇರಲಿಲ್ಲವೇ? ಸಸಿ ಎದ್ದಿದ್ದೇ ತಡ, ಕುಶಾಲನಗರದ ಸಂತೆಯಿಂದ ಬಕೆಟ್ ತುಂಬ ಮೀನಿನ ಕರುಳು, ತಲೆ, ತೊಳೆದ ನೀರು ಬರತೊಡಗಿತು. ನೀವು ಬುಡದಲ್ಲಿ ಹೂಳುವುದು, ನಾಯಿ ಕೆದಕಿ ಜಗಲಿಗೆ ತರುವುದು, ನಾನು ಹುಳ ಗುಡಿಸುವುದು. ಅದೇ ಕೈಯಲ್ಲಿ ನೀವು ಮುದ್ದೆ ಮುರಿಯಲು ಕೂತರೆ...

ದಿನವೂ ಕೈ ತೊಳೆದು ಬನ್ನಿ ಎಂದು ಗದರುತ್ತಿದ್ದೆ. ನೀವು ನಗುತ್ತಿದ್ದಿರಿ. “ನಾತ ಬಂದ್ರೆ ಬರ್ಲಿ ಬುಡವ್ವ. ಹಣ್ಣು ಬಿಟ್ಮೇಲೆ ಮೊದ್ಲು ಕೈ ಚಾಚೋಳು ನೀನೇಯ.”

ಹೂವೇನೋ ಬಂತು. ಆಸ್ಪತ್ರೆಯಿಂದ ಫೋನು ಮಾಡಿದಾಗಲೂ ನೀವು ಕೇಳಿದ್ದು ಕಾಯಿ ಕಚ್ಚಿತೇ ಎಂದೇ. ಕಚ್ಚಿರಲಿಲ್ಲ.

ನೀವು ಹೋದ ಮೇಲೆ ನಿಮ್ಮ ಮಗ ಮರ ಕಡಿಸಲು ಹೊರಟರು. ಅಲ್ಲಿ ಕಾರಿಗೆ ಶೆಡ್ ಕಟ್ಟಿಸುತ್ತಾರಂತೆ. ನಾನು ಖುಷಿಪಡಬೇಕಿತ್ತಲ್ಲವೇ? ಬದಲಿಗೆ ನರ್ಸರಿಯವರನ್ನು ಕರೆಸಿದೆ. ಅವರು ಹೂವು ನೋಡಿ, ಇದು ಗಂಡು ಮರ, ಬೀಜದಿಂದ ಬೆಳೆಸಿದರೆ ಹೀಗೂ ಆಗುತ್ತದೆ, ಏನು ಸುರಿದರೂ ಕಾಯಿ ಬರುವುದಿಲ್ಲ ಎಂದರು. ಅಷ್ಟು ವರ್ಷದ ಹುಳ, ನೊಣ, ನಾತ ಎಲ್ಲ ದಂಡ!

ಮರವನ್ನು ಸೊಂಟದೆತ್ತರಕ್ಕೆ ಕತ್ತರಿಸಿ, ಹೊಸ ಚಿಗುರಿಗೆ ಹಣ್ಣು ಬಿಡುವ ಮರದಿಂದ ಕಸಿ ಕಟ್ಟಬಹುದು ಎಂದೂ ಅವರೇ ಹೇಳಿದರು. ನಿಮ್ಮ ಮಗ ಗೊಣಗಿದರು. “ಶೆಡ್ ಬೇರೆ ಕಡೆ ಕಟ್ಕೊಳ್ಳಿ. ಮಾವ ನೆಟ್ಟ ಬುಡ ಕೀಳಂಗಿಲ್ಲ” ಎಂದೆ. ಕಸಿ ಹಿಡಿದ ಮೇಲೆ ಬಕೆಟ್ ಹಿಡಿದು ಸಂತೆಗೆ ಹೋದವಳೂ ನಾನೇ. ವಾಪಸು ಬರುವಾಗ ಆಟೋದವನು ಹತ್ತಿಸಿಕೊಳ್ಳಲಿಲ್ಲ. ದಾರಿಯುದ್ದಕ್ಕೂ ನಿಮ್ಮನ್ನು ಬೈದುಕೊಂಡೇ ನಡೆದೆ.

ಈ ಸಲ ಕಾಯಿ ಕಚ್ಚಿದೆ, ಮಾವ. ಗೊಂಚಲು ಕೆಂಪಗಾಗಿದೆ. ನಾನಿನ್ನೂ ಕೈ ಚಾಚಿಲ್ಲ. ಮಹಾಲಯ ಅಮಾವಾಸ್ಯೆಗೆ ಮೊದಲ ಹಣ್ಣು ನಿಮ್ಮ ಎಡೆಗೆ. ಆ ಹಾಳು ಕೂದಲಿನ ಸಿಪ್ಪೆಯನ್ನು ನಾನೇ ಸುಲಿದಿಟ್ಟಿರುತ್ತೇನೆ.

ಕೈ ತೊಳೆದುಕೊಂಡು ಬನ್ನಿ.