ಕುದುರೆ ಹುಷಾರಾಗಿದೆ, ಉಸ್ತಾದ್

ಪ್ರೀತಿಯ ಉಸ್ತಾದ್,

ಕೊತ್ತಗೆರೆಯಿಂದ ಸೈಕಲ್ ತುಳಿದುಕೊಂಡು ಕೆಲಸ ಕಲಿಯಲು ಬಂದ ಮೊದಲ ದಿನ ನೀವು ನನಗೆ ಕುದುರೆಯನ್ನು ಮುಟ್ಟಲೂ ಬಿಡಲಿಲ್ಲ. ಕುಣಿಗಲ್ಲಿನಲ್ಲಿ ಕುದುರೆಗೆ ಲಾಳ ಕಟ್ಟುವ ವಿಷಯದಲ್ಲಿ ನಿಮ್ಮದೇ ಕೊನೆಯ ಮಾತು. ಮೊಳೆ ಗೊರಸಿನೊಳಗಿನ ಮಾಂಸಕ್ಕೆ ತಾಗಿದರೆ ಕುದುರೆ ಕುಂಟುತ್ತದೆ, ಕುದುರೆ ಕುಂಟಿದರೆ ಲಾಳ ಕಟ್ಟಿದವನು ಗಂಟುಮೂಟೆ ಕಟ್ಟಬೇಕು ಎಂದಿರಿ. ಹೆದರಿಸಲು ಹೇಳಿದಿರೋ, ನಿಜವಾಗಿಯೂ ಹಾಗೋ... ನನಗಂತೂ ಅವತ್ತು ಊಟ ಸೇರಲಿಲ್ಲ.

ನಾನು ದುಬೈಗೆ ಹೊರಟಾಗ ಬಸ್ ಸ್ಟ್ಯಾಂಡಿನವರೆಗೆ ಬಂದು, ನಾಲ್ಕು ಜನಕ್ಕೆ ಕೇಳಿಸುವ ಹಾಗೆ ನನ್ನ ಶಿಷ್ಯ ಎಂದು ಹೇಳಿಕೊಂಡಿರಿ. ಆಮೇಲೆ ದುಬೈ ಬಿಟ್ಟು ಹಾಂಗ್‌ಕಾಂಗಿಗೆ ಹೋಗುತ್ತಿದ್ದೇನೆ ಎಂದು ಫೋನ್ ಮಾಡಿದೆ. "ಕುದುರೆ ಹುಷಾರಾಗೈತೇನ್ಲಾ ರಂಗಾ?" ಎಂದಿರಿ. ಮೆಲ್ಬರ್ನಿಗೆ ಹೊರಟಾಗಲೂ ಅದೇ ಪ್ರಶ್ನೆ. ಎಂಥ ಮನುಷ್ಯ, ನನ್ನ ಯೋಗಕ್ಷೇಮ ಬಿಟ್ಟು ಕುದುರೆಯದು ಕೇಳುತ್ತಾರಲ್ಲ ಎಂದು ನಕ್ಕಿದ್ದೆ.

ಹೋದ ತಿಂಗಳು, ನೀವು ತೀರಿಕೊಂಡ ಸುದ್ದಿ ಕೇಳಿ, ನೀವಿಲ್ಲದ ನಿಮ್ಮ ಮನೆಗೆ ಬಂದೆ. ದಾರಿಯಲ್ಲಿ ಟೀ ಅಂಗಡಿಯವನು ದುಬೈ ಹೇಗಿದೆ ಎಂದ. ಪಂಕ್ಚರ್ ಅಂಗಡಿಯವನೂ ದುಬೈ ಎಂದ. ಬಿಟ್ಟು ಎಷ್ಟೋ ವರ್ಷವಾದ ಊರನ್ನು ಇವರೆಲ್ಲ ಯಾಕೆ ವಿಚಾರಿಸುತ್ತಾರೆ? ನಿಮ್ಮ ಮನೆಯವರು, ಫಾತಿಮಮ್ಮ, ಟೀ ಕೊಟ್ಟು ಮೆಲ್ಲಗೆ ಹೇಳಿದರು. "ನಿನ್ನನ್ನ ಊರೂರಿಂದ ಓಡಿಸ್ತಾರೆ ಅಂತ ನಿಮ್ ಉಸ್ತಾದ್ರು ಅಂದ್ಕೊಂಡಿದ್ರಪ್ಪ. ಕುದುರೆ ಕುಂಟು ಮಾಡ್ತವ್ನೆ, ಅದಕ್ಕೇ ಎಲ್ಲೂ ನಿಲ್ತಿಲ್ಲ ಅಂತ. ಯಾರಿಗೂ ಹೇಳ್ಳಿಲ್ಲ. ಕೇಳ್ದೋರಿಗೆಲ್ಲ ದುಬೈನಲ್ಲೇ ಅವ್ನೆ ಅನ್ನೋರು. ದಿನಾ ನಿನ್ನ ಹೆಸರು ಹಿಡಿದು ದುವಾ ಮಾಡೋರು, ಒಂದ್ ಕಡೆ ನಿಲ್ಲಲಿ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ, ಉಸ್ತಾದ್. ಎರಡನ್ನೂ ಮಾಡಿದೆ. ನನ್ನ ಮಾನ ಉಳಿಸಲು ಇಷ್ಟು ವರ್ಷ ಸುಳ್ಳು ಹೇಳಿದಿರಾ? ಒಂದು ಸಲ ಬೈದು ಕೇಳಿದ್ದರೆ...

ನೆನಪಿದೆಯೇ, ಇನ್ನೂ ಸವೆಯದ ಲಾಳವನ್ನು ನೀವು ಕಿತ್ತಾಗ ನಾನು ದಂಡ ಎಂದಿದ್ದೆ. ಗೊರಸು ಬೆಳೆದಿದೆ ಕಣೋ, ಲಾಳ ಚೆನ್ನಾಗಿದ್ದರೂ ಈಗ ಕಚ್ಚುತ್ತದೆ ಎಂದಿರಿ. ನನಗೂ ಊರುಗಳು ಹಾಗೇ ಆದವು. ದುಬೈಗೆ ಹೋದದ್ದು ದುಡ್ಡಿಗೆ, ಮುಚ್ಚಿಡುವುದೇನು. ಅಲ್ಲಿನ ಮರಳಿಗೆ ಕೈ ಒಗ್ಗಿದ ಮೇಲೆ ದಿನಗಳು ಒಂದೇ ಥರ ಆದವು. ಹಾಂಗ್‌ಕಾಂಗಿನಲ್ಲಿ ಕುದುರೆಗಳು ಮಹಡಿ ಮೇಲಿರುತ್ತವೆ, ನಂಬುತ್ತೀರಾ? ಆ ಊರಿನ ತೇವಕ್ಕೆ ಮೆತ್ತಗಾಗುವ ಗೊರಸನ್ನು ಸಂಭಾಳಿಸುವುದು ಅಲ್ಲಿ ಕಲಿತೆ. ಮೆಲ್ಬರ್ನಿನಲ್ಲಿ ಬಿರುಕು ಬಿಟ್ಟ ಗೊರಸಿಗೆ ಮೊಳೆಯೇ ಇಲ್ಲದೆ ಅಂಟಿನಿಂದ ಲಾಳ ಕೂರಿಸುವ ಒಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೂ ಹೋದೆ. ನಮ್ಮ ಕಸುಬಿನವರ ಪ್ರಪಂಚ ಚಿಕ್ಕದು. ಡಾಕ್ಟರು, ಸವಾರ, ತರಬೇತಿ ಕೊಡುವವನು, ಎಲ್ಲರೂ ಹೀಗೇ ಸುತ್ತುತ್ತಿರುತ್ತಾರೆ. ಒಂದು ಲಾಯದಲ್ಲಿ ಕೈ ಚೆನ್ನಾಗಿದೆ ಎಂದರೆ ಇನ್ನೊಂದು ಊರಿನವರು ಕರೆಯುತ್ತಾರೆ. ಹೆಂಡತಿ ಸುಮಾಳಿಗೂ ಸುತ್ತಾಟ ರೂಢಿಯಾಗಿದೆ. ಪ್ರತಿ ಊರಿನಲ್ಲೂ ಕುಂಡದ ಕರಿಬೇವಿನ ಗಿಡ ಬಿಟ್ಟುಬರುವುದೊಂದೇ ಅವಳ ಬೇಜಾರು.

ನಿಮ್ಮ ಮನೆಯಿಂದ ವಾಪಸ್ ಬರುವಾಗ ಟೀ ಅಂಗಡಿಯವನು ಮತ್ತೆ ಕೇಳಿದ, ಪುನಃ ದುಬೈಗೇನಾ ಎಂದು. ಹೌದು ಎಂದೆ. ನಿಮಗಾಗಿ ಹೇಳಿದ ಸುಳ್ಳಲ್ಲ ಅದು. ನಾನು ಮೊದಲು ಕೆಲಸ ಮಾಡಿದ ದುಬೈನ ಲಾಯದವರೇ, ಲಾಳದ ಕೆಲಸವೆಲ್ಲ ನೀನೇ ನೋಡಿಕೋ ಎಂದು ವಾಪಸ್ ಕರೆದಿದ್ದಾರೆ. ಕುದುರೆಯನ್ನು ಕುಂಟು ಮಾಡಿದವನನ್ನು ಯಾರಾದರೂ ಮತ್ತೆ ಕರೆಯುತ್ತಾರಾ? ನೀವು ಯಾರನ್ನಾದರೂ ಕರೆದಿದ್ದಿರಾ?

ಈಗ ಅಲ್ಲಿಂದಲೇ ಬರೆಯುತ್ತಿದ್ದೇನೆ. ಇಲ್ಲೇ ಎಷ್ಟು ದಿನ ಇರುತ್ತೇನೋ ಗೊತ್ತಿಲ್ಲ, ಅದಕ್ಕೆ ಮಾತು ಕೊಡಲಾರೆ. ಆದರೆ ನೀವು ಊರಿಗೆಲ್ಲ ಹೇಳಿದ್ದು ಇವತ್ತಿಗೆ ನಿಜ. ನಾನು ದುಬೈನಲ್ಲೇ ಇದ್ದೇನೆ. ಕುದುರೆ ಹುಷಾರಾಗಿದೆ, ಉಸ್ತಾದ್. ಯಾವತ್ತೂ ಹುಷಾರಾಗಿಯೇ ಇತ್ತು.

ನಿಮ್ಮ
ರಂಗ